ಪ್ಯಾರಮೀಸಿಯಂಗೆ ಬಣ್ಣದ ಯೀಸ್ಟ್ ತಿನ್ನಿಸಿ ನೋಡುವುದು

ಕೋಶಭಕ್ಷಣೆಯ, ಅಂದರೆ ಕೋಶವೊಂದು ಹೊರಗಿನ ಕಣವನ್ನು ನುಂಗುವುದರ, ಪಾಠಕ್ಕೆ ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಅಮೀಬಾದ ಚಿತ್ರ ಇರುತ್ತದೆ. ಮೊದಲು ಎರಡು ಮಿಥ್ಯಾಪಾದಗಳು ಒಂದು ಚುಕ್ಕೆಯನ್ನು ಸುತ್ತುವರಿದಿರುತ್ತವೆ, ಆಮೇಲೆ ಚುಕ್ಕೆ ಒಳಗಿರುತ್ತದೆ, ಆಮೇಲೆ ಚುಕ್ಕೆಯೇ ಇರುವುದಿಲ್ಲ. ಕೊನೆಯ ಎರಡು ಚಿತ್ರಗಳ ನಡುವೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ‘ಲೈಸೋಸೋಮ್ (ಕಿಣ್ವ ತುಂಬಿದ ಚೀಲ) ಬಂದು ಕೂಡಿಕೊಳ್ಳುತ್ತದೆ, ಕಿಣ್ವಗಳು ಜೀರ್ಣಿಸುತ್ತವೆ’ ಅಂದು ನಾವು ಮೇಷ್ಟ್ರುಗಳು ಪುಟ ತಿರುವುತ್ತೇವೆ. ನನ್ನ ಮಟ್ಟಿಗೆ ನುಂಗುವುದು ಸಣ್ಣ ಕೆಲಸ, ನುಂಗಿದ ಮೇಲಿನದೇ ಅಸಲು. ಅದನ್ನು ಕಣ್ಣಾರೆ ತೋರಿಸಲು ಪದವಿ ತರಗತಿಯ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ನಾನು ಮಾಡಿಸುವ ಪ್ರಯೋಗ ಇದು. ಹಳೆಯ ಪ್ರಯೋಗವೇ, ಆದರೆ ನಮ್ಮಲ್ಲಿ ಮಾಡುವವರು ಕಡಿಮೆ.

ಜೀವಂತ ಅಮೀಬಾ ಬೇಕೆಂದಾಗ ಸಿಗುವುದಿಲ್ಲ, ಸಿಕ್ಕಿದರೂ ಅದರ ಹಿಂದೆ ಗಂಟೆಗಟ್ಟಲೆ ಕೂರಬೇಕು. ನಿಂತ ನೀರಿನ ಏಕಕೋಶ ಜೀವಿಯಾದ ಪ್ಯಾರಮೀಸಿಯಂ ಹಾಗಲ್ಲ. ಒಣ ಭತ್ತದ ಹುಲ್ಲನ್ನು ತುಂಡು ಮಾಡಿ ಕಾಲು ಗಂಟೆ ಕುದಿಸಿ, ಆರಿಸಿ, ಅಗಲ ಬಾಯಿಯ ಬಾಟಲಿಗೆ ಹಾಕಿ ಒಂದೆರಡು ದಿನ ಬಿಡುತ್ತೇನೆ. ಬ್ಯಾಕ್ಟೀರಿಯಾ ಬೆಳೆದು ನೀರು ಮಬ್ಬಾದ ಮೇಲೆ ಕೆರೆಯ ಅಂಚಿನಿಂದ ಕೊಳೆತ ಎಲೆ ಸಮೇತ ತಂದ ನೀರನ್ನು ಅದಕ್ಕೆ ಸೇರಿಸುವುದು. ಮುಚ್ಚಳ ಬಿಗಿ ಮಾಡಬಾರದು, ಬಟ್ಟೆ ಕಟ್ಟಿದರೆ ಸಾಕು. ಒಂದು ವಾರ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ದಿನ ಕಳೆದರೆ ಮೇಲ್ಮೈಯ ಕೆನೆಯ ಕೆಳಗೆ ಬಿಳಿ ಧೂಳಿನಂಥ ಕಣಗಳು ಓಡಾಡುತ್ತವೆ. ವಾಸನೆಯನ್ನು ಅಟೆಂಡರ್ ಸಹಿಸಿಕೊಳ್ಳಬೇಕು, ಅಷ್ಟೆ.

ಬಣ್ಣಕ್ಕೆ ಕಾಂಗೋ ರೆಡ್. ಇದು ಆಮ್ಲ ಸೂಚಕ: pH 5ಕ್ಕಿಂತ ಮೇಲೆ ಕೆಂಪು, 3ಕ್ಕೆ ಇಳಿದರೆ ನೀಲಿ. 3 ಗ್ರಾಂ ಬೇಕರಿ ಯೀಸ್ಟ್, 30 ಮಿಲಿಗ್ರಾಂ ಕಾಂಗೋ ರೆಡ್, 10 ಮಿಲಿಲೀಟರ್ ನೀರು. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದರೆ ಯೀಸ್ಟ್ ಸತ್ತು ಬಣ್ಣ ಹೀರುತ್ತದೆ. ಕಾಂಗೋ ರೆಡ್ ಬೆಂಜಿಡೀನ್ ಮೂಲದ ಬಣ್ಣ, ಕ್ಯಾನ್ಸರ್ ತರಬಲ್ಲದೆಂಬ ಶಂಕೆಯಿದೆ. ಹಾಗಾಗಿ ಪುಡಿಯನ್ನು ನಾನೇ ಕೈಗವಸು ಹಾಕಿ ತೂಗುತ್ತೇನೆ, ವಿದ್ಯಾರ್ಥಿಗಳ ಕೈಗೆ ಕೊಡುವುದಿಲ್ಲ. ಉಳಿದ ದ್ರವವೂ ಸಿಂಕಿಗೆ ಹೋಗುವುದಿಲ್ಲ, ಬೇರೆ ಬಾಟಲಿಗೆ.

ಸ್ಲೈಡಿನ ಮೇಲೆ ಒಂದು ಹನಿ ಹುಲ್ಲಿನ ನೀರು, ಕಡ್ಡಿಯ ತುದಿಗೆ ಅಂಟುವಷ್ಟೇ ಯೀಸ್ಟ್. ಹೆಚ್ಚಾದರೆ ಎಲ್ಲವೂ ಕೆಂಪು, ಏನೂ ಕಾಣದು. ಹತ್ತಿಯ ನಾಲ್ಕಾರು ಎಳೆ ಬಿಡಿಸಿ ಹಾಕಿದರೆ ಜೀವಿಗಳು ಅದರ ಸಂದಿಗೆ ಸಿಕ್ಕಿ ನಿಲ್ಲುತ್ತವೆ. ಕವರ್ ಸ್ಲಿಪ್ಪಿನ ಅಂಚಿಗೆ ವ್ಯಾಸಲೀನ್ ಸವರಿದರೆ ಹನಿ ಬೇಗ ಒಣಗುವುದಿಲ್ಲ. ಹಳದಿ ಬಲ್ಬಿನ ಮೈಕ್ರೋಸ್ಕೋಪಾದರೆ ನೀಲಿ ಫಿಲ್ಟರ್ ಹಾಕಲೇಬೇಕು, ಇಲ್ಲದಿದ್ದರೆ ನೀಲಿಯೂ ಕಂದಾಗಿ ಕಂಡು ವಾದ ಶುರುವಾಗುತ್ತದೆ.

ಮೊದಲು ಕಾಣುವುದು ಲೋಮಾಂಗಗಳ (ಮೈಮೇಲಿನ ಕೂದಲಿನಂಥ ಎಳೆಗಳ) ಬಡಿತಕ್ಕೆ ಸಿಕ್ಕಿದ ಯೀಸ್ಟ್ ಬಾಯಿಯ ತೋಡಿನೊಳಗೆ ಸುಳಿಯಾಗಿ ಇಳಿಯುವುದು. ಅನ್ನನಾಳದ ತುದಿಯಲ್ಲಿ ಒಂದು ಗುಳ್ಳೆ ಊದುತ್ತದೆ, ಕಣಗಳು ತುಂಬಿದ ಮೇಲೆ ಕಳಚಿಕೊಂಡು ಕೋಶರಸದಲ್ಲಿ ಹೊರಡುತ್ತದೆ. ಇದೇ ಆಹಾರ ರಸದಾನಿ. ‘ಮುಗೀತಾ ಸಾರ್?’ ಅಂತ ಕೇಳಿ ಎದ್ದು ಬಿಡುವವರು ಇಲ್ಲಿಯೇ ಏಳುವುದು. ಕೂತವರಿಗೆ ಐದಾರು ನಿಮಿಷದಲ್ಲಿ ಅದೇ ರಸದಾನಿ ಕುಗ್ಗಿ, ಕೆಂಪು ಹೋಗಿ ನೇರಳೆ, ಆಮೇಲೆ ನೀಲಿ ಆಗುವುದು ಕಾಣುತ್ತದೆ. ಒಳಗೆ ಆಮ್ಲ ಬಂದಿದೆ. ಪ್ಯಾರಮೀಸಿಯಂನಲ್ಲಿ ಈ ಆಮ್ಲ ತರುವುದು ಲೈಸೋಸೋಮ್ ಅಲ್ಲ. ಆಸಿಡೋಸೋಮ್ ಎನ್ನುವ ಬೇರೆ ಚಿಕ್ಕ ಕೋಶಿಕೆಗಳು ಮೊದಲು ಬಂದು ಕೂಡುತ್ತವೆ. ಲೈಸೋಸೋಮ್‌ಗಳು ಬರುವುದು ಆನಂತರ. ಆಗ ರಸದಾನಿ ಮತ್ತೆ ಹಿಗ್ಗುತ್ತದೆ, ಆಮ್ಲ ಇಳಿದು ಬಣ್ಣ ಕೆಂಪಿನ ಕಡೆ ಮರಳುತ್ತದೆ. ಜೀರ್ಣವಾಗದೆ ಉಳಿದದ್ದು ದೇಹದ ಹಿಂಭಾಗದ ಒಂದು ನಿಶ್ಚಿತ ಜಾಗದಿಂದ ಹೊರಬೀಳುತ್ತದೆ. ಸುಮಾರು ಇಪ್ಪತ್ತು ನಿಮಿಷದ ಮೇಲೆ ಅದಕ್ಕಾಗಿ ಕಾಯಬಹುದು.

ಎರಡನೇ ಸ್ಲೈಡಿಗೆ ಯೀಸ್ಟ್ ಬದಲು ಕಾರ್ಮೈನ್ ಎಂಬ ಕೆಂಪು ಬಣ್ಣದ ಪುಡಿ ಕೊಡಿಸುತ್ತೇನೆ. ಅದರಲ್ಲಿ ಪೋಷಣೆ ಇಲ್ಲ, ಆದರೂ ನುಂಗುತ್ತದೆ, ರಸದಾನಿಯೂ ಆಗುತ್ತದೆ, ಕಣಗಳು ಹೋದ ಹಾಗೇ ಹೊರಬರುತ್ತವೆ. ಜರ್ಮನಿಯ ಎಹ್ರೆನ್‌ಬರ್ಗ್ ಹತ್ತೊಂಬತ್ತನೇ ಶತಮಾನದಲ್ಲಿ ಈ ಜೀವಿಗಳಿಗೆ ಕಾರ್ಮೈನ್, ನೀಲಿ ಬಣ್ಣ ತಿನ್ನಿಸಿ, ಒಳಗಿನ ಗುಳ್ಳೆಗಳನ್ನೆಲ್ಲ ಹೊಟ್ಟೆಗಳು ಅಂತಲೇ ಎಣಿಸಿದ. 1838ರ ಅವನ ದೊಡ್ಡ ಗ್ರಂಥದಲ್ಲಿ ಇವು ಬಹುಜಠರಿಗಳು. ಕರುಳಿಲ್ಲದ ಹೊಟ್ಟೆಗಳು ಹೀಗೆ ತೇಲಾಡುವುದು ಹೇಗೆ ಅಂತ ಫ್ರಾನ್ಸಿನ ದುಜಾರ್ದಾಂ ಅವನ ಮಾತನ್ನು ಒಪ್ಪಲಿಲ್ಲ. ನಮ್ಮ ಹುಡುಗರೂ ಮೊದಲ ನೋಟಕ್ಕೆ ಎಹ್ರೆನ್‌ಬರ್ಗ್ ಪಕ್ಷವೇ.

ಅಲ್ಲಿಂದ ರಕ್ತಕ್ಕೆ ಬರುವುದು ಸುಲಭ. 1882ರಲ್ಲಿ ಸಿಸಿಲಿಯ ಮೆಸಿನಾದಲ್ಲಿ ರಷ್ಯಾದ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಅಲೆದಾಡುವ ಕೋಶಗಳು ಮುತ್ತಿಕೊಂಡದ್ದನ್ನು ಕಂಡರು. ಆಹಾರಕ್ಕೆ ನುಂಗುವ ಅದೇ ಕೆಲಸ ದೇಹದ ರಕ್ಷಣೆಗೂ ಆಗಬಹುದು ಅನ್ನುವ ಯೋಚನೆಗೆ 1908ರಲ್ಲಿ ನೊಬೆಲ್ ಬಂತು, ಅದನ್ನು ಪೌಲ್ ಎರ್ಲಿಖ್ ಜೊತೆ ಹಂಚಿಕೊಂಡರು. ಹಸಿ ರಕ್ತದ ಪ್ರಯೋಗ ನಾನು ಮಾಡಿಸುವುದಿಲ್ಲ. ಲೀಶ್ಮನ್ ಬಣ್ಣ ಹಾಕಿದ ಸಿದ್ಧ ಸ್ಲೈಡಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣವನ್ನು ತೋರಿಸಿ ವ್ಯತ್ಯಾಸ ಹೇಳುತ್ತೇನೆ. ಪ್ಯಾರಮೀಸಿಯಂಗೆ ಬಾಯಿ ಒಂದೇ ಕಡೆ. ನ್ಯೂಟ್ರೋಫಿಲ್ ಮೈಯ ಯಾವ ಭಾಗದಿಂದಲೂ ನುಂಗಬಲ್ಲದು, ಆದರೆ ಸಿಕ್ಕಿದ್ದನ್ನೆಲ್ಲ ಅಲ್ಲ. ಪ್ರತಿಕಾಯ ಅಥವಾ ಕಾಂಪ್ಲಿಮೆಂಟ್ (ರಕ್ತದಲ್ಲಿರುವ ರಕ್ಷಣಾ ಪ್ರೋಟೀನು) ಅಂಟಿದ ಬ್ಯಾಕ್ಟೀರಿಯಾವನ್ನು ಅದರ ಗ್ರಾಹಕಗಳು ಬೇಗ ಹಿಡಿಯುತ್ತವೆ.

ಕ್ಷಯದ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಎತ್ತುತ್ತಾರೆ: ಮ್ಯಾಕ್ರೋಫೇಜ್ (ದೇಹದ ಇನ್ನೊಂದು ನುಂಗುವ ಕೋಶ) ನುಂಗಿದ ಮೇಲೂ ಆ ಬ್ಯಾಕ್ಟೀರಿಯಾ ಸಾಯುವುದಿಲ್ಲ ಏಕೆ? ಸ್ಲೈಡ್ ನೋಡಿದವರಿಗೆ ಉತ್ತರ ಎರಡು ಮಾತಿನಲ್ಲಿ ಮುಗಿಯುತ್ತದೆ. ಅದು ತಾನಿರುವ ರಸದಾನಿ ಆಮ್ಲವಾಗದಂತೆ, ಲೈಸೋಸೋಮ್ ಕೂಡದಂತೆ ತಡೆಯುತ್ತದೆ. ನಮ್ಮ ಬಣ್ಣ ಅಲ್ಲಿ ಇದ್ದಿದ್ದರೆ ಕೆಂಪು ಕೆಂಪಾಗಿಯೇ ಉಳಿಯುತ್ತಿತ್ತು. ಕಾಲಾ ಅಜಾರ್ ಜ್ವರ ತರುವ ಪರಾವಲಂಬಿ ಲೀಶ್ಮೇನಿಯಾ ಇನ್ನೂ ಗಟ್ಟಿ: ಆಮ್ಲ ಬಂದರೂ, ಲೈಸೋಸೋಮ್ ಕೂಡಿದರೂ ಅದೇ ರಸದಾನಿಯಲ್ಲಿ ಬದುಕಿ ಮರಿ ಮಾಡುತ್ತದೆ.

ವೈವಾದಲ್ಲಿ ನಾನು ಕೇಳುವುದು ಒಂದೇ: ದೇಹದ ಹಿಂಭಾಗದಲ್ಲಿ ಒಂದು ಕೆಂಪು ರಸದಾನಿ ಇದೆ, ಅದು ಈಗಷ್ಟೇ ಹುಟ್ಟಿದ್ದೋ, ಹೊರಗೆ ಹೋಗಲು ಕಾಯುತ್ತಿರುವುದೋ? ಬಣ್ಣ ಎರಡಕ್ಕೂ ಕೆಂಪು, ಗಾತ್ರವೂ ಖಚಿತ ಗುರುತಲ್ಲ. ಒಂದೇ ರಸದಾನಿಯನ್ನು ಗುರುತಿಟ್ಟುಕೊಂಡು ಐದೈದು ನಿಮಿಷಕ್ಕೊಮ್ಮೆ ಬಣ್ಣ ಬರೆದುಕೊಂಡವರು ಮಾತ್ರ ಹೇಳಬಲ್ಲರು. ಅವರ ರೆಕಾರ್ಡ್ ಪುಸ್ತಕದಲ್ಲಿ ಚಿತ್ರದ ಬದಲು ಸಮಯದ ಪಟ್ಟಿ ಇದ್ದರೂ ಪೂರ್ತಿ ಅಂಕ ಕೊಡುತ್ತೇನೆ.