ಚೌಕಿಪೇಟೆಯ ಬೋರ್ಡ್ ಬ್ರಿಟನ್‌ನಲ್ಲಿ ನಡೆಯಲ್ಲ

ಈ ಸಲ ರಜೆಗೆ ದಾವಣಗೆರೆಗೆ ಬಂದವಳು ಚೌಕಿಪೇಟೆಯ ನಮ್ಮ ದೊಡ್ಡಪ್ಪನ ಬಟ್ಟೆ ಅಂಗಡಿಯಲ್ಲಿ ಕೂತಿದ್ದೆ. ಗಲ್ಲಾದ ಮೇಲೆ ಅದೇ ಹಳೇ ಬೋರ್ಡ್: ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’. ಬ್ರಿಟನ್‌ನಲ್ಲಿ ನಾನು ಮೊಳಕಾಲ್ಮೂರು ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದಾಗ ಈ ಸಾಲನ್ನೇ ಷರತ್ತುಗಳ ಪುಟಕ್ಕೆ ಏರಿಸಿದ್ದೆ. ಅಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ನಮ್ಮ ಕಡೆಯಿಂದ ಹೋಗಿ ಅಲ್ಲಿ ಸಣ್ಣ ವ್ಯಾಪಾರ ಮಾಡುವವರಿಗೆ ಇದು ಗೊತ್ತಿರಲಿ.

ಗಿರಾಕಿ ‘ಒಪ್ಪಿದೆ’ ಅಂತ ಟಿಕ್ ಹಾಕಿರಲಿ, ಷರತ್ತು ನ್ಯಾಯವಾಗಿಲ್ಲದಿದ್ದರೆ ಅವರು ಅದಕ್ಕೆ ಬದ್ಧರಲ್ಲ. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಮಾತು ಇದು. ಷರತ್ತು ಸುಲಭ ಭಾಷೆಯಲ್ಲಿರಬೇಕು, ಕಣ್ಣಿಗೆ ಕಾಣುವಂತಿರಬೇಕು. ಎರಡು ಅರ್ಥ ಬಂದರೆ ಗಿರಾಕಿಗೆ ಅನುಕೂಲವಾದದ್ದೇ ಲೆಕ್ಕಕ್ಕೆ. ಅದಕ್ಕೇ ದೊಡ್ಡ ಕಂಪನಿಗಳ ಷರತ್ತನ್ನು ಸುಮ್ನೆ ನಕಲು ಮಾಡಬೇಡಿ. ನಿಮಗೇ ಅರ್ಥವಾಗದ ಸಾಲು ನಿಮ್ಮ ಕುತ್ತಿಗೆಗೇ ಬರುತ್ತದೆ.

ಆನ್‌ಲೈನ್ ಮಾರಾಟಕ್ಕೆ 2013ರ ನಿಯಮಗಳೂ ಇವೆ. ಸೀರೆ ಕೈಸೇರಿದ ಮಾರನೇ ದಿನದಿಂದ 14 ದಿನ ಗಿರಾಕಿ ಕಾರಣ ಹೇಳದೆಯೇ ‘ಬೇಡ’ ಅನ್ನಬಹುದು. ಬಣ್ಣ ಹಿಡಿಸಲಿಲ್ಲ ಅಂದರೂ ಸರಿ. ಹಾಗೆ ಹೇಳಿದ ಮೇಲೆ ವಾಪಸ್ ಕಳಿಸಲು ಮತ್ತೆ 14 ದಿನ. ಮಾಲು ಬಂದ 14 ದಿನದೊಳಗೆ ನೀವು ಹಣ ಕೊಡಬೇಕು, ಮೊದಲು ತೆಗೆದುಕೊಂಡ ಸಾಮಾನ್ಯ ಅಂಚೆ ಖರ್ಚನ್ನೂ ಸೇರಿಸಿ. ವಾಪಸಿನ ಅಂಚೆ ಖರ್ಚು ಅವರದು ಅಂತ ಮೊದಲೇ ತಿಳಿಸಿರಬೇಕು, ಇಲ್ಲದಿದ್ದರೆ ಅದೂ ನಿಮ್ಮ ತಲೆಗೇ. ಈ ಹಕ್ಕಿನ ಸುದ್ದಿಯನ್ನೇ ಎತ್ತದಿದ್ದರೆ 14 ದಿನದ ಮೇಲೆ ಇನ್ನೂ ಒಂದು ವರ್ಷದವರೆಗೆ ಗಡುವು ಬೆಳೆಯುತ್ತದೆ!

ಗಿರಾಕಿಯ ಅಳತೆಗೆ ಹೊಲಿದ ಬ್ಲೌಸಿಗೆ ಈ 14 ದಿನದ ಹಕ್ಕಿಲ್ಲ. ಬೇಗ ಕೆಡುವ ತಿಂಡಿಗೂ ಇಲ್ಲ. (ನಮ್ಮೂರ ಬೆಣ್ಣೆಯನ್ನು ಅಂಚೆಗೆ ಹಾಕುವ ಸಾಹಸ ಯಾರೂ ಮಾಡಲ್ಲ ಬಿಡಿ.)

ಮಾಲೇ ಸರಿಯಿಲ್ಲದಿದ್ದರೆ ಲೆಕ್ಕ ಬೇರೆ. ಅಂಚು ಹರಿದಿದೆ, ಬಣ್ಣ ಬಿಡುತ್ತಿದೆ ಅಂದರೆ 30 ದಿನದೊಳಗೆ ಪೂರ್ತಿ ಹಣ ಕೇಳಬಹುದು. ಅದು ದಾಟಿದರೆ ಸರಿಮಾಡಿಕೊಡಲು ಇಲ್ಲವೇ ಬದಲಿಸಿಕೊಡಲು ನಿಮಗೆ ಒಂದು ಅವಕಾಶ. ಆಗ, 6 ತಿಂಗಳೊಳಗೆ ಕಂಡ ದೋಷ ಮೊದಲಿನಿಂದಲೇ ಇತ್ತು ಅಂತ ಹಿಡಿಯುತ್ತಾರೆ. ಇರಲಿಲ್ಲ ಅಂತ ತೋರಿಸುವುದು ನಿಮ್ಮ ಪಾಡು. ನೀವು ಗೊತ್ತುಮಾಡಿದ ಕೊರಿಯರ್‌ನವರು ದಾರಿಯಲ್ಲಿ ಕಳೆದರೂ ನಷ್ಟ ನಿಮ್ಮದೇ.

ಗ್ರಾಹಕ ಕಾನೂನು ಮುರಿದರೆ 2025ರ ಏಪ್ರಿಲ್‌ನಿಂದ ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ಕೋರ್ಟಿಗೆ ಹೋಗದೆ ತಾನೇ ದಂಡ ಹಾಕಬಹುದು, 3 ಲಕ್ಷ ಪೌಂಡ್ ಇಲ್ಲವೇ ವಹಿವಾಟಿನ ಶೇ. 10, ಯಾವುದು ಜಾಸ್ತಿಯೋ ಅಲ್ಲಿಯವರೆಗೆ.

ಎಲ್ಲ ಕೇಳಿ ದೊಡ್ಡಪ್ಪ ಅಂದದ್ದು ಒಂದೇ ಮಾತು: ‘ಮದುವೇಲಿ ಉಟ್ಟು, ಸಾರು ಚೆಲ್ಲಿಕೊಂಡು ವಾಪಸ್ ಕಳ್ಸಿದ್ರೆ ಏನ್ ಮಾಡ್ತೀಯವ್ವ?’ ಅಂಗಡಿಯಲ್ಲಿ ಬಿಚ್ಚಿ ನೋಡುವುದಕ್ಕಿಂತ ಜಾಸ್ತಿ ಬಳಸಿ ಸೀರೆಯ ಬೆಲೆ ಇಳಿದಿದ್ದರೆ, ಅಷ್ಟನ್ನು ವಾಪಸ್ ಕೊಡುವ ಹಣದಲ್ಲಿ ಮುರಿದುಕೊಳ್ಳಬಹುದು. ಆದರೆ 14 ದಿನದ ಹಕ್ಕನ್ನು ನೀವು ಗಿರಾಕಿಗೆ ತಿಳಿಸಿದ್ದರೆ ಮಾತ್ರ.