ಆರ್‌ಸಿಟಿ ಆದ ಹಲ್ಲಿನ ಸೋರಿಕೆ: ಕೆನಾಲ್ ಬಾಯನ್ನು ಅವತ್ತೇ ಮುಚ್ಚುವ ನನ್ನ ಪದ್ಧತಿ

ಆರ್‌ಸಿಟಿಯಲ್ಲಿ (ಹಲ್ಲಿನ ಬೇರಿನೊಳಗಿನ ನಾಳ, ಅಂದರೆ ಕೆನಾಲ್, ಸ್ವಚ್ಛಮಾಡಿ ತುಂಬುವ ಚಿಕಿತ್ಸೆ) ಆಬ್ಚುರೇಶನ್, ಅಂದರೆ ಕೆನಾಲ್ ತುಂಬುವ ಕೆಲಸ, ಮುಗಿದ ಮೇಲೆ ಜಿಪಿಯನ್ನು (ತುಂಬಲು ಬಳಸುವ ರಬ್ಬರಿನಂಥ ಗಟಾಪರ್ಚ) ಕೆನಾಲ್ ಬಾಯಿಂದ 2-3 ಮಿ.ಮೀ. ಕೆಳಕ್ಕೆ ಇಳಿಸುವುದು, ಆ ಜಾಗಕ್ಕೆ ರೆಸಿನ್ ಸೇರಿದ ಗ್ಲಾಸ್ ಅಯನೋಮರ್ (ಹಲ್ಲಿಗೆ ಅಂಟುವ ಸಿಮೆಂಟು) ತುಂಬಿ ಪ್ಲಗ್ ಮಾಡುವುದು, ಚೇಂಬರ್ (ಕೆನಾಲ್‌ಗಳ ಮೇಲಿನ ಕೋಣೆ) ನೆಲವನ್ನೂ ಮುಚ್ಚುವುದು, ಇಷ್ಟನ್ನೂ ಅದೇ ರಬ್ಬರ್ ಡ್ಯಾಮಿನ (ಹಲ್ಲಿಗೆ ಉಗುಳು ತಾಗದಂತೆ ಹಾಕುವ ರಬ್ಬರ್ ಹಾಳೆ) ಕೆಳಗೆ ಅದೇ ಸಿಟ್ಟಿಂಗಿನಲ್ಲಿ ಮುಗಿಸುವುದು. ಇದನ್ನು ಪ್ರತಿ ಹಲ್ಲಿಗೂ ಮಾಡುತ್ತೇನೆ ಎಂದಾಗ ಜೊತೆಯವರಿಂದ ಬಂದದ್ದು ಎರಡು ಮಾತು. ‘ಚೆನ್ನಾಗಿ ಕೂತ ಜಿಪಿಯನ್ನು ಯಾಕೆ ಕೆದಕುತ್ತೀರಿ?’, ‘ಹೇಗಿದ್ದರೂ ಮೇಲೆ ಕ್ಯಾಪ್ ಬರುತ್ತದಲ್ಲ?’ ವರ್ಷಗಳ ರೀಕಾಲ್ (ಮರುತಪಾಸಣೆ) ಎಕ್ಸ್‌ರೇಗಳನ್ನು ನೋಡಿದ ಮೇಲೆ ಕೇಳಿದವರಲ್ಲಿ ಕೆಲವರು ಈಗ ತಾವೂ ಹೀಗೇ ಮಾಡುತ್ತಿದ್ದಾರೆ.

ಎರಡನೇ ಮಾತಿಗೆ ಮೊದಲು ಉತ್ತರ. ಕ್ಯಾಪ್ ಬರುವುದಿಲ್ಲ. ನೋವು ಹೋದ ದಿನವೇ ರೋಗಿಯ ಪಾಲಿಗೆ ಚಿಕಿತ್ಸೆ ಮುಗಿಯಿತು. ‘ಅಡಿಕೆ ಮಾರಿದ ಮೇಲೆ ಹಾಕಿಸ್ತೀನಿ ಡಾಕ್ಟ್ರೇ’, ‘ಮಗಳ ಮದುವೆ ಒಂದು ಮುಗೀಲಿ’ ಎಂದು ಹೋದವರು ಆರು ತಿಂಗಳಿಗೆ ಬಂದರೆ ಬೇಗ ಬಂದ ಹಾಗೆ. ಅಷ್ಟು ದಿನವೂ ಕೆನಾಲಿಗೂ ಉಗುಳಿಗೂ ನಡುವೆ ಇರುವುದು ಒಂದು ಟೆಂಪೊರರಿ ಫಿಲ್ಲಿಂಗ್ ಮಾತ್ರ.

ಮೊದಲ ಮಾತಿಗೆ ಉತ್ತರ 1990ರಲ್ಲೇ ಸಿಕ್ಕಿದೆ. ಟೊರಾಬಿನೆಜಾದ್ ಮತ್ತು ಸಂಗಡಿಗರು ಕಿತ್ತ ಹಲ್ಲುಗಳಲ್ಲಿ ಜಿಪಿ, ಸೀಲರ್ (ಜಿಪಿಯ ಸುತ್ತಲಿನ ಸಂದು ತುಂಬುವ ಲೇಪ) ಹಾಕಿ ಮೇಲ್ಭಾಗವನ್ನು ಬ್ಯಾಕ್ಟೀರಿಯಾಗಳಿಗೆ ತೆರೆದಿಟ್ಟಾಗ, ಒಂದು ಜಾತಿಗೆ 19 ದಿನ, ಇನ್ನೊಂದಕ್ಕೆ 42 ದಿನ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಕೆನಾಲ್‌ಗಳು ತುದಿಯವರೆಗೂ ಕೆಟ್ಟಿದ್ದವು. ಬಾಯೊಳಗೆ ಅಷ್ಟು ಬೇಗ ಆಗುವುದಿಲ್ಲ, ಒಳ್ಳೆಯ ಫಿಲ್ಲಿಂಗ್ ಇದ್ದರೆ ತಿಂಗಳುಗಟ್ಟಲೆ ತಡೆಯುತ್ತದೆ ಎಂಬ ವಾದವೂ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಕೆಳದವಡೆ ಹಲ್ಲಿನ ಮೀಸಿಯಲ್ (ಮುಂದಿನ ಕಡೆಯ) ಬೇರಿನ ಇಸ್ತಮಸ್ಸಿನಲ್ಲಿ (ಎರಡು ಕೆನಾಲ್ ಸೇರಿಸುವ ಕಿರಿದಾದ ಸಂದು) ನನ್ನ ಫಿಲ್ಲಿಂಗ್ ಒಳ್ಳೆಯದೇ ಎಂದು ಎಕ್ಸ್‌ರೇ ನೋಡಿ ಹೇಳುವ ಧೈರ್ಯ ನನಗಿಲ್ಲ.

ಕೈಕೊಟ್ಟ ವಿಧಾನಗಳನ್ನು ಹೇಳಿಬಿಡುತ್ತೇನೆ, ಹಣ ಹೋಗುವುದು ಅಲ್ಲೇ. ಮೊದಲನೆಯದು ಹತ್ತಿ ಉಂಡೆ, ಮೇಲೆ ಕ್ಯಾವಿಟ್ ಎಂಬ ಟೆಂಪೊರರಿ ಫಿಲ್ಲಿಂಗ್. ಕ್ಯಾವಿಟ್ ಕೆಟ್ಟ ವಸ್ತುವಲ್ಲ. ತೇವ ಹೀರಿ ಉಬ್ಬುವುದರಿಂದ ಅಂಚಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಆದರೆ ಅದಕ್ಕೆ ಕನಿಷ್ಠ 3.5 ಮಿ.ಮೀ. ದಪ್ಪ ಬೇಕು. ಉದಾರವಾಗಿ ಹತ್ತಿ ತುರುಕಿದರೆ ಉಳಿಯುವುದು ಒಂದೂವರೆ ಮಿ.ಮೀ. ಹತ್ತಿಯ ಒಂದೆಳೆ ಅಂಚಿನಲ್ಲಿ ಸಿಕ್ಕಿಕೊಂಡರಂತೂ ಅದೇ ಬತ್ತಿಯಾಗಿ ಉಗುಳನ್ನು ಒಳಕ್ಕೆಳೆಯುತ್ತದೆ. ಸಿಟ್ಟಿಂಗ್‌ಗಳ ನಡುವೆ ಇಡಲು ನಾನು ಹತ್ತಿ ಬಿಟ್ಟು ಟೆಫ್ಲಾನ್ ಟೇಪಿಗೆ ಬಂದಿದ್ದೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಗೆ ಸುತ್ತಲು ಕೊಡುತ್ತಾರಲ್ಲ, ಅದೇ. ಸುರುಳಿ ಇಪ್ಪತ್ತು ಮೂವತ್ತು ರೂಪಾಯಿ, ತಿಂಗಳುಗಟ್ಟಲೆ ಬರುತ್ತದೆ. ತುಂಡು ಮಾಡಿ ಪೌಚಿನಲ್ಲಿ ಹಾಕಿ ಆಟೋಕ್ಲೇವ್ ಮಾಡಿದರೆ ಏನೂ ಆಗುವುದಿಲ್ಲ. ಎಳೆ ಬಿಡುವುದಿಲ್ಲ, ತೆಳ್ಳಗೆ ಒತ್ತಬಹುದು, ಮುಂದಿನ ಸಲ ಪ್ರೋಬಿನಿಂದ ಒಂದೇ ತುಂಡಾಗಿ ಎದ್ದು ಬರುತ್ತದೆ. ಪಕ್ಕದ ಹಲ್ಲಿನ ಕಡೆಯ ಗೋಡೆ ಬಿದ್ದ ಕ್ಲಾಸ್ 2 ಹಲ್ಲಿಗೆ ಮಾತ್ರ ಕ್ಯಾವಿಟ್ ಬೇಡ, ಜಗಿದಾಗ ಕೊಚ್ಚಿಹೋಗುತ್ತದೆ. ಅಲ್ಲಿ ಗ್ಲಾಸ್ ಅಯನೋಮರ್ ಹಾಕಿ.

ಎರಡನೆಯದು, ಕೆನಾಲ್ ಬಾಯಿಗೆ ನೇರವಾಗಿ ಫ್ಲೋಯೆಬಲ್ ಕಾಂಪೋಸಿಟ್ (ಹರಿಯುವ ರೆಸಿನ್ ಫಿಲ್ಲಿಂಗ್). ಮೊದಲ ದಿನ ಸೊಗಸಾಗಿ ಕಾಣುತ್ತದೆ. ಆದರೆ ಹೈಪೋ (ಕೆನಾಲ್ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್) ಕುಡಿದ ಡೆಂಟಿನ್ನಿನೊಳಗೆ (ಎನಾಮಲ್ ಅಡಿಯ ಹಲ್ಲಿನ ಭಾಗ) ಉಳಿದ ಆಮ್ಲಜನಕ ರೆಸಿನ್ ಗಟ್ಟಿಯಾಗುವುದನ್ನು ತಡೆಯುತ್ತದೆ. ಯೂಜಿನಾಲ್ ಇರುವ ಸೀಲರ್ ಬಳಸಿದ್ದರೆ ಅದೂ ತಡೆಯುತ್ತದೆ. ಜೊತೆಗೆ ಆ ಕಿರಿದಾದ ಗುಂಡಿಯಲ್ಲಿ ಸುತ್ತಲೂ ಅಂಟುವ ಗೋಡೆ, ಸಡಿಲವಾಗಿ ಕುಗ್ಗಲು ಇರುವುದು ಮೇಲಿನ ಒಂದೇ ಮುಖ. ಕುಗ್ಗಿದ ಕಾಂಪೋಸಿಟ್ ಯಾವುದಾದರೂ ಒಂದು ಗೋಡೆಯನ್ನು ಬಿಡಲೇಬೇಕು.

ಹೈಪೋ ಪರಿಣಾಮ ಇಳಿಸಲು ಸೋಡಿಯಂ ಆಸ್ಕಾರ್ಬೇಟನ್ನೂ ಪ್ರಯತ್ನಿಸಿದ್ದೇನೆ, ಶೇ 10ರ ದ್ರಾವಣ. ಕೆಲಸ ಮಾಡುತ್ತದೆ. ಆದರೆ ಪ್ರತಿ ಸಲ ಹೊಸದಾಗಿ ಕಲಸಬೇಕು, ಇಟ್ಟರೆ ಹಳದಿಯಾಗಿ ಸತ್ವ ಹೋಗುತ್ತದೆ. ಹತ್ತು ನಿಮಿಷ ಒಳಗೇ ಬಿಡಬೇಕು. ದಿನದ ಕ್ಲಿನಿಕ್ಕಿನಲ್ಲಿ ಹತ್ತು ನಿಮಿಷ ಸುಮ್ಮನೆ ಕಾಯುವವರು ಯಾರು? ಸ್ಲೋ ಸ್ಪೀಡಿನಲ್ಲಿ ರೌಂಡ್ ಬರ್ (ಗುಂಡು ತಲೆಯ ಕೊರೆಕಡ್ಡಿ) ಹಿಡಿದು ಗೋಡೆಯ ಮೇಲ್ಪದರವನ್ನು ತೆಳ್ಳಗೆ ಕೆರೆದು ಹೊಸ ಡೆಂಟಿನ್ ತೆರೆದರೆ ಅದೇ ಲಾಭ ಅರ್ಧ ನಿಮಿಷದಲ್ಲಿ ಸಿಗುತ್ತದೆ.

ಎಂಟಿಎ (ಮಿನರಲ್ ಟ್ರಯಾಕ್ಸೈಡ್ ಅಗ್ರಿಗೇಟ್ ಎಂಬ ಸಿಮೆಂಟು) ಪ್ಲಗ್ ಸೀಲಿನಲ್ಲಿ ಚೆನ್ನ. ಆದರೆ ಗಟ್ಟಿಯಾಗಲು ಮೂರು ಗಂಟೆ ಹತ್ತಿರ ಬೇಕು, ಮೇಲೆ ನೀರು ಬಿಟ್ಟರೆ ಕೊಚ್ಚುತ್ತದೆ, ಬಾಯಿಯ ಮುಂಭಾಗದ ಹಲ್ಲಿಗೆ ಬೂದು ಬಣ್ಣ ಹತ್ತಿಸುತ್ತದೆ, ಮತ್ತೆ ಒಳಗೆ ಹೋಗಬೇಕಾದರೆ ಕಲ್ಲು. ಫರ್ಕೇಶನ್ (ಬೇರುಗಳು ಕವಲೊಡೆಯುವ ಜಾಗ) ತೂತಾದಾಗ ಮಾತ್ರ ಅದನ್ನು ತೆಗೆಯುತ್ತೇನೆ.

ಈಗ ಕೆಲಸ. ಆರಂಭ ಆಬ್ಚುರೇಶನ್ ದಿನ ಅಲ್ಲ, ಆ್ಯಕ್ಸೆಸ್ (ಹಲ್ಲು ಕೊರೆದು ಕೆನಾಲಿಗೆ ದಾರಿ ತೆರೆಯುವ) ದಿನವೇ. ಹಳೆಯ ಅಮಾಲ್ಗಮ್, ಹಳೆಯ ಕಾಂಪೋಸಿಟ್, ಅದರಡಿಯ ಹುಳುಕು ಎಲ್ಲ ಪೂರ್ತಿ ತೆಗೆಯಬೇಕು. ‘ಗಟ್ಟಿಯಾಗಿದೆ, ಇರಲಿ’ ಎಂದು ಬಿಟ್ಟ ಹಳೆಯ ಫಿಲ್ಲಿಂಗಿನ ಅಂಚಿನಿಂದಲೇ ಸೋರಿಕೆ ಶುರುವಾಗುತ್ತದೆ, ಆಮೇಲೆ ಕೆನಾಲ್ ಬಾಯಿಗೆ ಎಷ್ಟು ಬೀಗ ಹಾಕಿದರೂ ಚೇಂಬರ್ ಒದ್ದೆ. ಬಿದ್ದ ಗೋಡೆಯನ್ನು ಮೊದಲು ಮ್ಯಾಟ್ರಿಕ್ಸ್ (ಅಚ್ಚಿನ ಪಟ್ಟಿ) ಹಿಡಿದು ಕಟ್ಟಿ, ನಂತರ ಕೆನಾಲ್ ಕೆರೆಯುವ ಫೈಲ್ ಮುಟ್ಟಿ. ಡ್ಯಾಮ್ ಕೂರುತ್ತದೆ, ಹೈಪೋ ಒಸಡಿಗೆ ಇಳಿಯುವುದಿಲ್ಲ, ಕೆನಾಲಿನ ಉದ್ದ ಅಳೆಯುವ ರೆಫರೆನ್ಸ್ ಪಾಯಿಂಟೂ ಗಟ್ಟಿ ಸಿಗುತ್ತದೆ.

ಜಿಪಿ ಕತ್ತರಿಸಲು ಹೀಟ್ ಕ್ಯಾರಿಯರ್ ಚೆನ್ನಾಗಿ ಕಾದಿರಬೇಕು. ಅರೆಕಾದದ್ದು ಜಿಪಿಗೆ ಅಂಟಿಕೊಂಡು ಮೇಲೆತ್ತುವಾಗ ಕೋನನ್ನೇ (ಜಿಪಿ ಕಡ್ಡಿ) ಎಳೆದುಬಿಡುತ್ತದೆ, ಸಿಂಗಲ್ ಕೋನ್ ಹಾಕುವವರಿಗೆ ಈ ಅಪಾಯ ಹೆಚ್ಚು. ಕತ್ತರಿಸಿದ ಕೂಡಲೇ ತಣ್ಣನೆಯ ಪ್ಲಗ್ಗರಿನಿಂದ ಒತ್ತಿ ಹಿಡಿಯಬೇಕು, ಇಲ್ಲವಾದರೆ ತಣಿಯುತ್ತ ಗೋಡೆ ಬಿಟ್ಟು ಕುಗ್ಗುತ್ತದೆ. ಸೀಲರ್ ಹಸಿಯಿರುವಾಗ ಗೇಟ್ಸ್ ಗ್ಲಿಡನ್ ಬಳಸಬೇಡಿ. ತಿರುಗುವ ಬರ್ ಮೃದುವಾದ ಜಿಪಿಯನ್ನು ತಿರುಚಿ ಕೆಳಗಿನ ಸೀಲನ್ನೂ ಅಲ್ಲಾಡಿಸುತ್ತದೆ. ಕೆಳದವಡೆ ಮೀಸಿಯಲ್ ಬೇರಿನಲ್ಲಿ ಫರ್ಕೇಶನ್ ಕಡೆಯ ಗೋಡೆ ಮೊದಲೇ ತೆಳು, ಅದನ್ನು ಇನ್ನಷ್ಟು ತೆಳ್ಳಗಾಗಿಸುವ ಕೆಲಸ ಯಾವ ಕಾರಣಕ್ಕೂ ಬೇಡ. ಆಳವನ್ನು ಪೆರಿಯೋ ಪ್ರೋಬಿನಿಂದ (ಮಿ.ಮೀ. ಗುರುತಿನ ಅಳತೆಕಡ್ಡಿ) ಚೇಂಬರ್ ನೆಲದಿಂದ ಅಳೆಯಿರಿ. ಬಾಯಿಯ ಮುಂಭಾಗದ ಹಲ್ಲಿನಲ್ಲಿ ನೆಲ ಇರುವುದಿಲ್ಲ, ಅಲ್ಲಿ ಸಿಮೆಂಟಮ್ ಎನಾಮಲ್ ಗಡಿಯಿಂದ (ಬೇರೂ ಹಲ್ಲಿನ ಮೇಲ್ಭಾಗವೂ ಸೇರುವ ಗೆರೆ) 2 ಮಿ.ಮೀ. ಕೆಳಗೆ.

ಎಲ್ಲ ನಿಲ್ಲುವುದು ಗೋಡೆ ತೊಳೆಯುವುದರ ಮೇಲೆ. ಮೈಕ್ರೋಬ್ರಷ್ಷನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿ, ಬ್ರಷ್ ಎಸೆದು ಹೊಸದು ತೆಗೆದು ಮತ್ತೆ ಒರೆಸಿ. ಬ್ರಷ್ ಬಿಳಿಯಾಗಿಯೇ ಹೊರಬರುವ ತನಕ, ನನ್ನ ಅಂದಾಜಿಗೆ ದವಡೆ ಹಲ್ಲಿಗೆ ನಾಲ್ಕೈದು ಬ್ರಷ್. ಒಂದೇ ಬ್ರಷ್ಷಿನಲ್ಲಿ ತಿಕ್ಕಿದರೆ ಸೀಲರನ್ನು ಎಲ್ಲ ಕಡೆ ಬಳಿದ ಹಾಗೆ. ಆಮೇಲೆ ಮೇಲೆ ಹೇಳಿದ ರೌಂಡ್ ಬರ್, ಅಥವಾ 50 ಮೈಕ್ರಾನ್ ಅಲ್ಯೂಮಿನಾದ ಏರ್ ಅಬ್ರೇಶನ್ ಇದ್ದವರಿಗೆ ಅದು. ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಇಲ್ಲದೆ ಈ ಹಂತ ಮಾಡಬೇಡಿ, ಮೀಸಿಯೋಬಕಲ್ (ಮುಂದಿನ, ಕೆನ್ನೆ ಕಡೆಯ) ಮೂಲೆಯಲ್ಲಿ ಸೀಲರಿನ ಪದರ ಬರಿಗಣ್ಣಿಗೆ ಕಾಣುವುದಿಲ್ಲ.

ಗೋಡೆಯನ್ನು ಅಂಟಲು ಹದಮಾಡುವ ಕಂಡಿಷನರ್ ಶೇ 10ರ ಪಾಲಿಅಕ್ರಿಲಿಕ್ ಆಮ್ಲ, 10ರಿಂದ 20 ಸೆಕೆಂಡು. ತೊಳೆದು, ಕೆನಾಲ್ ಬಾಯೊಳಗಿನ ನೀರನ್ನು ದಪ್ಪ ಪೇಪರ್ ಪಾಯಿಂಟಿನಿಂದ ಹೀರಿ. ಗಾಳಿ ಬಿಟ್ಟು ಒಣಗಿಸಬೇಡಿ, ಅಯನೋಮರಿಗೆ ಹಸಿತನ ಬೇಕು. ಪುಡಿ ದ್ರಾವಣದ ಪ್ರಮಾಣ ಕಂಪನಿ ಹೇಳಿದ್ದೇ. ಹರಿಯಲಿ ಎಂದು ದ್ರಾವಣ ಜಾಸ್ತಿ ಹಾಕಿದರೆ ಶಕ್ತಿ ಹೋಗುತ್ತದೆ, ಕುಗ್ಗುವುದೂ ಹೆಚ್ಚು. ಕೆನಾಲಿಗೆ ಇಳಿಸಲು ಸಣ್ಣ ಸಿರಿಂಜು, ದಪ್ಪ ಸೂಜಿ. ಆ ಸೂಜಿಯನ್ನು ಎಲ್ಲಿ ಕತ್ತರಿಸಿ ಎಷ್ಟು ಬಾಗಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಕೂತು ನೋಡಿದವರಿಗೆ ಮಾತ್ರ. ತುದಿ ಜಿಪಿಗೆ ತಾಗಿಸಿ, ತುಂಬುತ್ತ ಮೇಲೆ ಬನ್ನಿ. ಮೇಲಿನಿಂದ ಸುರಿದರೆ ಕೆಳಗೆ ಗಾಳಿಗುಳ್ಳೆ ಖಂಡಿತ, ಎಕ್ಸ್‌ರೇಯಲ್ಲಿ ಜಿಪಿಯ ಮೇಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಎಕ್ಸ್‌ಪ್ಲೋರರಿನಿಂದ ಮೆಲ್ಲಗೆ ತಟ್ಟಿ 40 ಸೆಕೆಂಡು ಲೈಟ್ ಹಿಡಿಯಿರಿ. ಲೈಟಿನ ತುದಿ ಅಲ್ಲಿಂದ ಸೆಂಟಿಮೀಟರ್ ದೂರ ಇರುತ್ತದೆ, 20 ಸೆಕೆಂಡು ಸಾಲದು. ಬೆಳಕು ತಲುಪದ ತಳ ಆಮ್ಲ-ಕ್ಷಾರ ಕ್ರಿಯೆಯಿಂದ ತಾನೇ ಗಟ್ಟಿಯಾಗುತ್ತದೆ, ಈ ವಸ್ತುವನ್ನು ಹಿಡಿದಿರುವುದೇ ಅದಕ್ಕೆ.

ಚೇಂಬರ್ ನೆಲದ ಮೇಲೂ ಒಂದು ಮಿ.ಮೀ. ಪದರ ಹರಡಿ. ದವಡೆ ಹಲ್ಲಿನ ನೆಲದಿಂದ ಫರ್ಕೇಶನ್ನಿಗೆ ಸಣ್ಣ ಕವಲು ನಾಳಗಳಿರಬಹುದು. ಬೇರಿನ ತುದಿ ಚೆನ್ನಾಗಿದ್ದೂ ಫರ್ಕೇಶನ್ ಕಪ್ಪಾಗುವ ಕೇಸುಗಳಲ್ಲಿ ಸೀಳು, ತೂತು ಇಲ್ಲ ಎಂದಾದರೆ ನಾನು ಮೊದಲು ಸಂಶಯಪಡುವುದು ಈ ನೆಲವನ್ನು. ಅದರ ಮೇಲೆ ಬಾಂಡ್ (ಅಂಟು), ಬಲ್ಕ್ ಫಿಲ್ (ದಪ್ಪ ಪದರದಲ್ಲಿ ತುಂಬುವ ಕಾಂಪೋಸಿಟ್) 4 ಮಿ.ಮೀ. ಅಥವಾ ಮಾಮೂಲಿ ಕಾಂಪೋಸಿಟ್ 2 ಮಿ.ಮೀ. ಪದರಗಳಲ್ಲಿ, ಇದು ಎಲ್ಲರಿಗೂ ಗೊತ್ತಿರುವುದೇ. ಫ್ಲೋರೋಸಿಸ್ (ನೀರಿನ ಹೆಚ್ಚು ಫ್ಲೋರೈಡಿನಿಂದ ಹಲ್ಲು ಕೆಡುವುದು) ಇರುವ ಊರುಗಳಲ್ಲಿ ಒಂದು ಎಚ್ಚರ. ಆ ಎನಾಮಲ್ ಆಸಿಡ್ಡಿಗೆ ಬಗ್ಗುವುದಿಲ್ಲ. ಎಚ್ಚಿಂಗ್ (ಆಸಿಡ್ ಹಚ್ಚಿಡುವ) ಸಮಯ ದುಪ್ಪಟ್ಟು ಮಾಡಿ, ಅಂಚನ್ನು ಡೈಮಂಡ್ ಬರ್‌ನಿಂದ ಸ್ವಲ್ಪ ಕೆರೆಯಿರಿ.

ನನ್ನದೇ ಪರೀಕ್ಷೆ ಬಗ್ಗೆ ಸ್ವಲ್ಪ. ಕಿತ್ತ ಹಲ್ಲುಗಳಿಗೆ ಆರ್‌ಸಿಟಿ ಮಾಡಿ, ಆ್ಯಕ್ಸೆಸ್ ಬಿಟ್ಟು ಉಳಿದೆಡೆ ಎರಡು ಕೋಟ್ ನೇಲ್ ಪಾಲಿಶ್ ಬಳಿದು ಮೆಥಿಲೀನ್ ಬ್ಲೂನಲ್ಲಿ ವಾರ ಮುಳುಗಿಸಿ, ಉದ್ದಕ್ಕೆ ಸೀಳಿ ನೋಡಬಹುದು. ಬರಿ ಜಿಪಿ ಇದ್ದವುಗಳಲ್ಲಿ ನೀಲಿ ಬೇರಿನ ಅರ್ಧ ದಾಟುತ್ತಿತ್ತು, ಪ್ಲಗ್ ಇದ್ದವುಗಳಲ್ಲಿ ಬಹುಪಾಲು ಪ್ಲಗ್ಗಿನಲ್ಲೇ ನಿಲ್ಲುತ್ತಿತ್ತು. ಆದರೆ ಎಂಟಿಎ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರ ವಸ್ತುಗಳು ಮೆಥಿಲೀನ್ ಬ್ಲೂ ಬಣ್ಣವನ್ನೇ ಕೆಡಿಸುತ್ತವೆ, ‘ನೀಲಿ ಇಲ್ಲ, ಸೋರಿಲ್ಲ’ ಎಂದು ಮೋಸಹೋಗಬಾರದು. ಅಂಥವಕ್ಕೆ ಇಂಡಿಯನ್ ಇಂಕ್ ಬಳಸಿ. ಸೀಳದೆಯೂ ನೋಡಬಹುದು: ಶೇ 5ರ ನೈಟ್ರಿಕ್ ಆಮ್ಲದಲ್ಲಿ ಮೂರು ದಿನದಷ್ಟು ಇಟ್ಟು ಸುಣ್ಣ ಕರಗಿಸಿ, ತೊಳೆದು, ಏರುವ ಪ್ರಮಾಣದ ಆಲ್ಕೋಹಾಲಿನಲ್ಲಿ ನೀರು ತೆಗೆದು, ಕೊನೆಗೆ ಮೀಥೈಲ್ ಸ್ಯಾಲಿಸಿಲೇಟಿನಲ್ಲಿ ಹಾಕಿದರೆ ಹಲ್ಲು ಗಾಜಿನಂತೆ ಪಾರದರ್ಶಕ. ಊಟಿ ಕಡೆ ಮಾರುವ ವಿಂಟರ್‌ಗ್ರೀನ್ ಎಣ್ಣೆಯ ಬಹುಪಾಲು ಇದೇ ವಸ್ತು. ಈ ಬಣ್ಣದ ಪರೀಕ್ಷೆಗಳು ಬಾಯೊಳಗಿನ ಫಲವನ್ನು ಹೇಳುವುದಿಲ್ಲ, ಆದರೆ ಕೈಕೆಲಸ ಎಲ್ಲಿ ಸಡಿಲ ಎಂಬುದನ್ನು ತೋರಿಸುತ್ತವೆ.

ಖರ್ಚಿನ ಲೆಕ್ಕ ನೆನಪಿನಿಂದ: ದವಡೆ ಹಲ್ಲೊಂದಕ್ಕೆ ಅಯನೋಮರ್, ಬ್ರಷ್, ಆಲ್ಕೋಹಾಲ್ ಎಲ್ಲ ಸೇರಿ ನೂರು ರೂಪಾಯಿ ಆಸುಪಾಸು, ಚೇರಿನಲ್ಲಿ ಹನ್ನೆರಡು ಹದಿನೈದು ನಿಮಿಷ. ಇದಕ್ಕೆ ಬೇರೆ ಬಿಲ್ ಹಾಕುವುದಿಲ್ಲ, ಆರ್‌ಸಿಟಿ ಫೀಸಿನಲ್ಲೇ ಇನ್ನೂರು ಏರಿಸಿದ್ದೇನೆ. ಬೇರೆ ಹಾಕಿದರೆ ರೋಗಿ ‘ಅದು ಬೇಡ ಬಿಡಿ’ ಎನ್ನುತ್ತಾರೆ. ಅದೇ ಹಲ್ಲು ಸೋರಿ ಮತ್ತೆ ಬಂದರೆ ಎರಡು ಸಿಟ್ಟಿಂಗ್ ಪುಕ್ಕಟೆ, ಹೊಸ ಫೈಲ್‌ಗಳು, ಕತ್ತರಿಸಿ ತೆಗೆದ ಕ್ಯಾಪಿನ ಲ್ಯಾಬ್ ಬಿಲ್, ಎಲ್ಲ ಸೇರಿ ಎರಡು ಸಾವಿರಕ್ಕೆ ಕಡಿಮೆಯಿಲ್ಲ. ಊರಲ್ಲಿ ಹೆಸರು ಕೆಡುವುದನ್ನು ಇದರಲ್ಲಿ ಸೇರಿಸಿಲ್ಲ. ವರ್ಷ, ಎರಡು ವರ್ಷ ಕ್ಯಾಪ್ ಇಲ್ಲದೆ ತಿರುಗಿ ಬಂದ ನನ್ನ ಪ್ಲಗ್ ಹಲ್ಲುಗಳಲ್ಲಿ ಮೇಲಿನ ಕಾಂಪೋಸಿಟ್ ಮೂಲೆ ಮುರಿದಿದ್ದರೂ ಕೆಳಗೆ ವಾಸನೆಯಿಲ್ಲದ ಒಣ ಜಿಪಿ ಸಿಕ್ಕಿದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಹಾಗೆಂದು ಕ್ಯಾಪ್ ಬೇಡ ಎಂದಲ್ಲ. ಪ್ಲಗ್ ಸೋರಿಕೆ ತಡೆಯುತ್ತದೆ, ಸೀಳುವುದನ್ನಲ್ಲ. ಅಡಿಕೆ ಜಗಿಯುವವರ ಹಲ್ಲಾದರೆ ಅವತ್ತೇ ಕಸ್ಪುಗಳನ್ನು (ಹಲ್ಲಿನ ಜಗಿಯುವ ಮೊನೆಗಳು) ಒಂದೂವರೆ ಎರಡು ಮಿ.ಮೀ. ಇಳಿಸಿ ಕಾಂಪೋಸಿಟಿನಿಂದಲೇ ಮುಚ್ಚಿ ಕಳಿಸುತ್ತೇನೆ. ಪೋಸ್ಟ್ (ಮೇಲಿನ ಭಾಗಕ್ಕೆ ಆಧಾರವಾಗಿ ಕೆನಾಲಿನಲ್ಲಿ ನಿಲ್ಲಿಸುವ ಕಡ್ಡಿ) ಹಾಕಬೇಕಾದ ಕೆನಾಲಿನಲ್ಲಿ ಪ್ಲಗ್ ಬೇಡ. ಡ್ಯಾಮ್ ಇರುವಾಗಲೇ ಜಾಗ ತೆಗೆದು, ತುದಿಯಲ್ಲಿ 4-5 ಮಿ.ಮೀ. ಜಿಪಿ ಉಳಿಸಿ, ಫೈಬರ್ ಪೋಸ್ಟನ್ನು ಅವತ್ತೇ ಅಂಟಿಸಿ. ಉಳಿದ ಕೆನಾಲ್‌ಗಳಿಗೆ ಮಾಮೂಲಿನಂತೆ ಪ್ಲಗ್. ಟೆಂಪೊರರಿ ಬಿದ್ದು ಜಿಪಿ ಮೂರು ತಿಂಗಳಿಗಿಂತ ಹೆಚ್ಚು ಬಾಯಿಗೆ ತೆರೆದಿದ್ದ ಹಲ್ಲು ಬಂದರೆ, ನೋವಿಲ್ಲದಿದ್ದರೂ, ಎಕ್ಸ್‌ರೇ ಸ್ವಚ್ಛವಾಗಿದ್ದರೂ ಅದರ ಮೇಲೆ ಪ್ಲಗ್ ಹಾಕಿ ಕ್ಯಾಪ್ ಕೂರಿಸುವುದಿಲ್ಲ. ಹಳೆಯ ಜಿಪಿ ತೆಗೆದು ಹೊಸದಾಗಿ ತುಂಬಿಯೇ ಪ್ಲಗ್ ಹಾಕುತ್ತೇನೆ, ಖರ್ಚನ್ನು ಮೊದಲೇ ಹೇಳಿ ಒಪ್ಪಿಸಿ.