ಮಂಡಿಯ ಫೋನು ಕೇಳಿಸಿಕೊಂಡ ಮೇಲೆ

ಶಿವಮೊಗ್ಗ ಕಡೆಯ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯಲ್ಲಿ ನಾನು ಡೆವಲಪರ್. ಮೊದಲ ಮೂರು ವರ್ಷ, ಏನು ಮಾಡಬೇಕು ಅನ್ನೋದು ಹೆಚ್ಚಾಗಿ ಮೀಟಿಂಗ್‌ನಲ್ಲಿ ತೀರ್ಮಾನವಾಗಿ ಟಿಕೆಟ್ ಆಗಿ, ಅಂದರೆ ಬರೆದಿಟ್ಟ ಕೆಲಸವಾಗಿ, ನನ್ನ ಹತ್ತಿರ ಬರುತ್ತಿತ್ತು. ಕೋಡ್ ಬರೆದು ಮುಗಿಸುತ್ತಿದ್ದೆ. ಒಂದು ಸಲ ಬಂದದ್ದು ಅಡಿಕೆ ಧಾರಣೆಯ ಗ್ರಾಫ್, ಆರು ವಾರದ ಕೆಲಸ. ಶುರು ಮಾಡುವ ಮುಂಚೆ ಎರಡು ದಿನ ಮಂಡಿಯಲ್ಲಿ ಕೂತು ಬರುತ್ತೇನೆ ಅಂದೆ. ಪ್ರಾಡಕ್ಟ್ ಮ್ಯಾನೇಜರ್ ಒಪ್ಪಿದರು.

ಗುಮಾಸ್ತರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಹತ್ತು ಗಂಟೆಗೆ ಫೋನು ಶುರುವಾಯಿತು. "ನಮ್ದು ರಾಶಿ ಎಷ್ಟು ಮೂಟೆ ಉಳಿದಿದೆ ಮಾರಾಯ್ರೇ? ಮುಂಗಡ ಎಷ್ಟಾಗಿದೆ?" ರಾಶಿ, ಬೆಟ್ಟೆ, ಗೊರಬಲು ಇವೆಲ್ಲ ಅಡಿಕೆಯ ಬಗೆಗಳು. ಬೆಳೆಗಾರರು ಅಡಿಕೆ ತಂದು ಮಂಡಿಯಲ್ಲಿಟ್ಟು, ಧಾರಣೆ ಏರಲಿ ಅಂತ ಕಾಯುತ್ತಾರೆ. ಅಷ್ಟರಲ್ಲಿ ಮನೆಖರ್ಚಿಗೆ, ಮಗಳ ಮದುವೆಗೆ ಅಂತ ಮುಂಗಡ ತಗೊಂಡಿರುತ್ತಾರೆ. ಗುಮಾಸ್ತರು ಫೋನನ್ನು ಹೆಗಲಿಗೊತ್ತಿ ಹಿಡಿದು, ಖಾತೆ ತೆರೆದು, ರಾಶಿ, ಬೆಟ್ಟೆ, ಗೊರಬಲು ಒಂದೊಂದಾಗಿ ಓದಿ ಹೇಳುತ್ತಿದ್ದರು. ಎದುರಿಗೆ ತೂಕದ ಚೀಟಿ ಹಿಡಿದವರು ನಿಂತೇ ಇದ್ದರು. ಧಾರಣೆ ಕೇಳಲು ಫೋನ್ ಮಾಡಿದವರು ಆ ದಿನ ಇಬ್ಬರೇ. ಧಾರಣೆ ಪೇಪರಿನಲ್ಲಿ ಬರುತ್ತೆ, ವಾಟ್ಸಾಪ್‌ನಲ್ಲೂ ಬರುತ್ತೆ. ತಮ್ಮ ಖಾತೆಯ ಲೆಕ್ಕ ಸಿಗುವುದು ಈ ಫೋನಿನಲ್ಲಿ ಮಾತ್ರ.

ವಾಪಸು ಬಂದು, ಸಾಫ್ಟ್‌ವೇರಿನಲ್ಲಿ ಯಾವ ಪುಟ ಯಾವಾಗ ತೆರೆದರು ಅನ್ನೋ ದಾಖಲೆ, ಅಂದರೆ ಲಾಗ್, ತೆಗೆದು ನೋಡಿದೆ. ನಮ್ಮ ಎಲ್ಲ ಮಂಡಿಗಳಲ್ಲೂ ಬೆಳಿಗ್ಗೆ ಹೆಚ್ಚು ತೆರೆಯುತ್ತಿದ್ದದ್ದು ಖಾತೆಯ ಪುಟವೇ. ಮೀಟಿಂಗ್‌ನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಇನ್ನೊಂದು ವಿಷಯ ನನಗೆ ಗೊತ್ತಿತ್ತು: ಪ್ರತಿ ಖಾತೆಯ ಬಾಕಿಯನ್ನು ನಮ್ಮ ಪ್ರೋಗ್ರಾಂ ರಾತ್ರಿ ಎಂಟಕ್ಕೆ ಹೇಗೂ ಲೆಕ್ಕ ಹಾಕಿ ಇಡುತ್ತಿತ್ತು. ಅದನ್ನೇ ಎಸ್ಸೆಮ್ಮೆಸ್ ಮಾಡಿ ಕಳಿಸಲು ಒಂದು ವಾರ ಸಾಕು. ಯಾವುದು ಬೇಕು ಅಂತ ಯಾರು ಬೇಕಾದರೂ ಹೇಳಬಹುದು. ಯಾವುದು ಇಷ್ಟು ಹತ್ತಿರದಲ್ಲಿದೆ ಅಂತ ಹೇಳುವುದು ಡೆವಲಪರ್ ಕೆಲಸ, ಅದನ್ನು ನಾನು ಮೂರು ವರ್ಷ ಮಾಡಿರಲಿಲ್ಲ.

ಡೆವಲಪರ್ ಹೇಳಿದ್ದೆಲ್ಲ ಸರಿ ಅಂತಲ್ಲ. ಹಿಂದಿನ ವರ್ಷ ಬಾಯಲ್ಲಿ ಹೇಳಿದರೆ ಎಂಟ್ರಿ ಆಗುವ ಸೌಲಭ್ಯವನ್ನು ಹಠ ಹಿಡಿದು ಮಾಡಿಸಿದ್ದವನು ನಾನೇ. ಮಂಡಿಯ ಗದ್ದಲದಲ್ಲಿ ಅದು ನಡೆಯಲಿಲ್ಲ. ಆಗ ನಾನು ಮಂಡಿ ನೋಡಿಯೇ ಇರಲಿಲ್ಲ.

ಗ್ರಾಫ್ ಬಿಟ್ಟು ಮೊದಲು ಎಸ್ಸೆಮ್ಮೆಸ್ ಮಾಡೋಣ ಅಂದಾಗ ಮ್ಯಾನೇಜರ್ ಹೇಳಿದ ಅಡ್ಡಿಯೂ ನ್ಯಾಯವಾದದ್ದೇ. "ದುಡ್ಡು ಕೊಡೋದು ಮಂಡಿ ಮಾಲೀಕರು. ಅವರು ಕೇಳಿದ್ದು ಗ್ರಾಫ್," ಅಂದರು. ಒಂದೇ ಮಂಡಿಯಲ್ಲಿ ಎರಡು ವಾರ ನೋಡೋಣ ಅಂತ ಒಪ್ಪಂದವಾಯಿತು.

ಇಂಗ್ಲಿಷ್ ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಅದೂ ಒತ್ತು, ಗುಣಿತ ಎಲ್ಲ ಬೇರೆ ಬೇರೆಯಾಗಿ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ: ನಮ್ಮ ಕಣ್ಣಿಗೆ ಎರಡೇ ಅಕ್ಷರದ 'ಬೆಟ್ಟೆ' ಅಲ್ಲಿ ಆರು. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಹೆಸರು, ನಮಸ್ಕಾರ, ಧಾರಣೆ ಎಲ್ಲ ತೆಗೆದೆ. ದಿನಾಂಕವನ್ನೂ ತೆಗೆಯಲು ಹೊರಟಾಗ ಗುಮಾಸ್ತರು ತಡೆದರು: "ತಾರೀಖು ಬಿಡಬೇಡಿ ಸರ್, ಯಾವತ್ತಿನ ಲೆಕ್ಕ ಅಂತ ಜಗಳ ಆಗುತ್ತೆ." ಕೊನೆಗೆ ಉಳಿದದ್ದು: '12/3ಕ್ಕೆ ರಾಶಿ 12, ಬೆಟ್ಟೆ 3, ಗೊರಬಲು 2 ಮೂಟೆ. ಮುಂಗಡ ರೂ.40000'.

ಎರಡನೇ ವಾರ ಮಾಲೀಕರೇ ಫೋನ್ ಮಾಡಿ, ತಮ್ಮ ಇನ್ನೊಂದು ಅಂಗಡಿಗೂ ಹಾಕಿಕೊಡಿ ಅಂದರು. ಜೊತೆಗೇ ಒಂದು ದೂರೂ ಬಂತು. ರಾತ್ರಿ ಎಂಟರ ನಂತರ ಎಂಟ್ರಿ ಆದ ಟೆಂಡರ್ ಲೆಕ್ಕ, ಅಂದರೆ ಆ ದಿನ ಮಾರಾಟವಾದ ಅಡಿಕೆಯ ಲೆಕ್ಕ, ಮರುದಿನದ ಬಾಕಿಗೆ ಸೇರುತ್ತಿತ್ತು. ಮಾರಿದ ಅಡಿಕೆ ಇನ್ನೂ ಮಂಡಿಯಲ್ಲೇ ಇದೆ ಅಂತ ಮೆಸೇಜ್ ನೋಡಿ ಒಬ್ಬ ಹಿರಿಯರು ಗಾಬರಿಯಾಗಿ ಬೆಳಗಿನ ಬಸ್ಸು ಹತ್ತಿ ಬಂದಿದ್ದರಂತೆ. ಎಂಟ್ರಿ ಆದ ತಕ್ಷಣ ಬಾಕಿ ತಿದ್ದುವುದು ಒಂದು ವಾರದ ಮಾತಲ್ಲ, ಐದು ವಾರ ಬೇಕು ಅಂತ ನೇರವಾಗಿ ಹೇಳಿದೆ. ಮ್ಯಾನೇಜರ್ ತಕ್ಷಣ ಉತ್ತರ ಕೊಡಲಿಲ್ಲ. ಮರುವಾರ ನನ್ನ ಜೊತೆ ಮಂಡಿಗೆ ಬಂದು, ಅದೇ ಸ್ಟೂಲಿನಲ್ಲಿ ಮಧ್ಯಾಹ್ನದ ತನಕ ಕೂತರು. ಗ್ರಾಫ್ ಆ ವರ್ಷ ಮಾಡಲಿಲ್ಲ.